ಸಹಾಯ ಬೇಕು: ಬೆಟ್ಟದ ರೆಸಾರ್ಟ್‌ಗೆ ಕಾರಿನಲ್ಲಿ ಹೋಗುವ ಪ್ಲಾನ್

ಎಲ್ಲರಿಗೂ ನಮಸ್ಕಾರ. ಸಿಟಿಯಿಂದ ಬೆಟ್ಟದ ಮೇಲಿನ ರೆಸಾರ್ಟ್ ಒಂದಕ್ಕೆ ನಮ್ಮ ಕಾರಿನಲ್ಲೇ ಹೋಗಬೇಕು ಅಂತಿದ್ದೇವೆ. ಅಪ್ಪ, ಅಮ್ಮ, ಚಿಕ್ಕ ಮಗಳು ಜೊತೆಗಿರುತ್ತಾರೆ. ಹೈವೇ ಬಗ್ಗೆ ಚಿಂತೆ ಇಲ್ಲ, ಘಾಟಿಯದ್ದೇ ಯೋಚನೆ.

ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬಂದರೆ ಅದು ಬಿಸಿಯಾಗಿ ಸರಿಯಾಗಿ ಹಿಡಿಯುವುದಿಲ್ಲ, ಕಡಿಮೆ ಗೇರ್‌ನಲ್ಲಿ ಇಂಜಿನ್ ಹಿಡಿತದ ಮೇಲೆ ಇಳಿಯಬೇಕು ಅಂತ ಗೊತ್ತು. ಆದರೆ ನಮ್ಮದು ಆಟೋಮ್ಯಾಟಿಕ್. ಅದರಲ್ಲಿ ಎಲ್‌ಗೆ (ಲೋ, ಅಂದರೆ ಕಡಿಮೆ ಗೇರ್) ಹಾಕಬೇಕಾ, ನಾವೇ ಗೇರ್ ಬದಲಿಸುವ ಮ್ಯಾನುವಲ್ ಮೋಡ್ ಸಾಕಾ? ಘಾಟಿಯಲ್ಲಿ ಜಾಸ್ತಿ ಓಡಿಸಿರುವವರು ದಯವಿಟ್ಟು ಬಿಡಿಸಿ ಹೇಳಿ.

ರೆಸಾರ್ಟ್ ಇರುವುದು 2,500 ಮೀಟರ್‌ಗಿಂತ ಮೇಲೆ, ಅಪ್ಪನಿಗೆ ಬಿಪಿ ಬೇರೆ ಇದೆ. ಅಷ್ಟು ಎತ್ತರಕ್ಕೆ ಒಂದೇ ದಿನದಲ್ಲಿ ಏರಿದರೆ ಕೆಲವರಿಗೆ ತಲೆನೋವು, ವಾಕರಿಕೆ, ಸುಸ್ತು ಆಗುತ್ತದೆ ಅಲ್ವಾ, ಅದಕ್ಕೆ ನಡುವೆ ಕೆಳಗಿನ ಊರಿನಲ್ಲಿ ಒಂದು ರಾತ್ರಿ ತಂಗೋಣ ಅಂತ ನಾನು, ಸುಮ್ನೆ ಒಂದು ದಿನ ಹಾಳು ಅಂತ ಮನೆಯವರು. ಡಾಕ್ಟರನ್ನು ಹೇಗೂ ಕೇಳುತ್ತೇವೆ, ಆದರೂ ವಯಸ್ಸಾದವರನ್ನು ಕರೆದುಕೊಂಡು ಹೋಗಿ ಬಂದವರ ಅನುಭವ ಬೇಕು.

ಮಗಳಿಗೆ ತಿರುವುಗಳಲ್ಲಿ ವಾಂತಿ ಬರುತ್ತದೆ. ಮೊಬೈಲ್ ಕೊಡದೆ, ಕಿಟಕಿ ತೆಗೆದು ದೂರ ನೋಡಿಸುವುದು ಬಿಟ್ಟು ಬೇರೆ ಏನಾದರೂ ಉಪಾಯ ಇದೆಯಾ?

ಮಂಜಿನಲ್ಲಿ, ಕತ್ತಲಲ್ಲಿ ಘಾಟಿ ಹತ್ತುವುದು ಬೇಡವೇ ಬೇಡ, ಬೆಳಗಿನ ಜಾವವೇ ಹೊರಡುತ್ತೇವೆ. ಮೇಲೆ ನೆಟ್‌ವರ್ಕ್ ಸಿಗದಿದ್ದರೆ ಅಂತ ಮ್ಯಾಪ್ ಇಳಿಸಿಕೊಂಡಿದ್ದೇನೆ. ಬಿಟ್ಟುಹೋಗಿರುವುದು ಏನಾದರೂ ಕಂಡರೆ ಹೇಳಿ.