ಮೈಸೂರಿನ ಹಳೇ ಲಾಡ್ಜ್: ಟಿವಿ ಬದಲಿಸೋದಾ, ಬಚ್ಚಲ ವಾಸನೆ ನೋಡೋದಾ?

ಬೀಗದಕೈ:
ನಾನು ಕೆಲಸ ಮಾಡೋದು ಸಬರ್ಬನ್ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಲ್ಲಿ. ಮೂರು ಮಹಡಿ, 18 ರೂಮು, ಅದರಲ್ಲಿ 5 ಎಸಿ. ನಾನ್ ಎಸಿ ಡಬಲ್ ₹1,100, ಎಸಿ ₹1,600. ಬಿಸಿನೀರಿಗೆ ತಾರಸಿ ಮೇಲೆ 500 ಲೀಟರಿನ ಸೋಲಾರ್, ಬೆಳಗ್ಗೆ 6ರಿಂದ 9. ಗೂಗಲ್ ರೇಟಿಂಗ್ 2.9ಕ್ಕೆ ಇಳಿದಿದೆ. ರಿವ್ಯೂಗಳಲ್ಲಿ ಸುತ್ತಿ ಸುತ್ತಿ ಬರೋದು ಇಷ್ಟೇ: ಬಾತ್‌ರೂಮ್ ಗಬ್ಬು, ಬಿಸಿನೀರು ಬರಲಿಲ್ಲ, ತಿಗಣೆ ಕಚ್ಚಿತು, ಹೇಳಿದ ರೇಟ್ ಒಂದು ಬಿಲ್ ಇನ್ನೊಂದು. ದಸರಾಕ್ಕೆ ಮುಂಚೆ ಮೂರು ಲಕ್ಷ ಹಾಕೋಕೆ ಮಾಲೀಕರು ಒಪ್ಪಿದ್ದಾರೆ. ಆದರೆ ಅವರ ಮನಸ್ಸೆಲ್ಲ 43 ಇಂಚಿನ ಟಿವಿ, ಹೊಸ ಪರದೆ, ರಿಸೆಪ್ಷನ್‌ಗೆ ಫಾಲ್ಸ್ ಸೀಲಿಂಗ್ ಮೇಲಿದೆ. ವಾಸನೆಗೆ ಸದ್ಯಕ್ಕೆ ದಿನಾ ಫಿನಾಯಿಲ್ ಹಾಕಿಸ್ತೀವಿ, ಮೂಲೆಗೆ ನುಸಿಗುಳಿಗೆ ಇಡ್ತೀವಿ. ದುಡ್ಡು ಮೊದಲು ಎಲ್ಲಿಗೆ ಹೋಗಬೇಕು? ಕೆಲಸ ಗೊತ್ತಿರೋರು ಹೇಳಿ.

ಪೈಪ್‌ಲೈನ್:
ಫಾಲ್ಸ್ ಸೀಲಿಂಗ್ ಮರೆತುಬಿಡಿ. ಸಾವಿರ ರೂಪಾಯಿ ರೂಮಿಗೆ ಬರೋರು ಟಿವಿ ಚಿಕ್ಕದು ಅಂತ ಒಂದು ಸ್ಟಾರ್ ಕೊಡಲ್ಲ.

ವಾಸನೆ ಯಾವಾಗ ಬರುತ್ತೆ ಅಂತ ಮೊದಲು ಗಮನಿಸಿ. ವಾರ ಹತ್ತು ದಿನ ಖಾಲಿ ಬಿದ್ದ ರೂಮಿನ ಬಾಗಿಲು ತೆಗೆದ ಕೂಡಲೇ ಹೊಡೆದರೆ ನಹಾನಿ ಟ್ರ್ಯಾಪ್ (ಬಚ್ಚಲ ನೆಲದ ಜಾಲರಿ ಕೆಳಗಿನ, ನೀರು ನಿಲ್ಲೋ ಬಟ್ಟಲು) ಒಣಗಿದೆ ಅಂತ ಅರ್ಥ. ಟ್ರ್ಯಾಪ್ ಒಳಗೆ 50 ಮಿ.ಮೀ. ನೀರು ನಿಂತಿರಬೇಕು, ಚರಂಡಿ ಗಾಳಿ ಮೇಲೆ ಬಾರದ ಹಾಗೆ ತಡೆಯೋದು ಆ ನೀರು. ಹಳೇ ಟ್ರ್ಯಾಪ್‌ಗಳಲ್ಲಿ ಅಷ್ಟೂ ನಿಲ್ಲಲ್ಲ, ಬೇಗ ಆರುತ್ತೆ. ಖಾಲಿ ರೂಮುಗಳಲ್ಲಿ ಮೂರು ದಿನಕ್ಕೊಮ್ಮೆ ಟ್ರ್ಯಾಪಿಗೆ ಎರಡು ಮಗ್ ನೀರು ಸುರಿಯೋದು, ಬೇಸಿನ್ನಿನ ನಲ್ಲಿಯನ್ನ ಅರ್ಧ ನಿಮಿಷ ಬಿಡೋದು, ಒಂದು ಸಲ ಫ್ಲಷ್ ಮಾಡೋದು. ಇದನ್ನ ರೂಮ್ ಬಾಯ್ ಕೆಲಸದ ಪಟ್ಟಿಗೆ ಸೇರಿಸಿ. ಖರ್ಚು ಸೊನ್ನೆ. ತಿಂಗಳುಗಟ್ಟಲೆ ಬೀಗ ಹಾಕೋ ರೂಮಾದರೆ ಕೊನೆಗೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ, ಮೇಲೆ ಪದರ ಕಟ್ಟಿ ನೀರು ಆರೋದು ನಿಧಾನ ಆಗುತ್ತೆ.

ಜನ ಇರೋ ರೂಮಲ್ಲೂ ವಾಸನೆ, ಮೇಲಿನ ಮಹಡಿಯವರು ಫ್ಲಷ್ ಮಾಡಿದಾಗ ಟ್ರ್ಯಾಪಲ್ಲಿ ಗುಳುಗುಳು ಸದ್ದು: ಹೀಗಿದ್ದರೆ ರೋಗ ಬೇರೆ. ಚರಂಡಿ ಪೈಪಿಗೆ ತಾರಸಿಯಿಂದ ಗಾಳಿ ಕೊಡೋ ವೆಂಟ್ ಪೈಪ್ ಕಟ್ಟಿಕೊಂಡಿದೆ ಅಥವಾ ಇಲ್ಲವೇ ಇಲ್ಲ. ಮೇಲಿಂದ ನೀರು ರಭಸವಾಗಿ ಇಳಿಯುವಾಗ ಹಿಂದೆ ಗಾಳಿ ಸಿಗದೆ ಕೆಳಗಿನ ಟ್ರ್ಯಾಪಿನ ನೀರನ್ನೇ ಎಳೆದುಕೊಂಡು ಹೋಗುತ್ತೆ. ತಾರಸಿಗೆ ಹೋಗಿ ವೆಂಟ್ ಬಾಯಿ ನೋಡಿ. ಹಕ್ಕಿ ಗೂಡು ಇರಬಹುದು, ಇಲ್ಲಾ ಗಾರೆಯವನು ಮಳೆನೀರು ಹೋಗುತ್ತೆ ಅಂತ ಮುಚ್ಚಳ ಜಡಿದಿರಬಹುದು. ತೆಗೆಸಿ, ಜಾಲರಿ ಇರೋ ಕೌಲ್ (ಪೈಪ್ ಬಾಯಿಯ ಟೋಪಿ) ಹಾಕಿಸಿ.

ಮೂರನೇದು ಎಲ್ಲಾ ಹಳೇ ಲಾಡ್ಜಲ್ಲೂ ಇರುತ್ತೆ, ಯಾರೂ ಬಗ್ಗಿ ನೋಡಲ್ಲ. ಬೇಸಿನ್ ಕೆಳಗಿನ ವೇಸ್ಟ್ ಪೈಪನ್ನ ಗೋಡೆಯ ತೂತಿಗೆ ಸುಮ್ಮನೆ ತುರುಕಿರ್ತಾರೆ, ಸುತ್ತ ಸಂದಿ. ಅಲ್ಲಿ ರಬ್ಬರ್ ರಿಂಗ್ ಕೂರಿಸಿ, ಸುತ್ತ ಸಿಲಿಕೋನ್ ಹಾಕಿಸಿ. ಕಮೋಡ್ ಬುಡದ ವೈಟ್ ಸಿಮೆಂಟ್ ಬಿರುಕು ಬಿಟ್ಟಿದ್ದರೂ ಅದೇ ಕಥೆ.

ನುಸಿಗುಳಿಗೆ, ಫಿನಾಯಿಲ್ ನಿಲ್ಲಿಸಿ. ಬಾಗಿಲು ತೆಗೆದಾಗ ಆ ಘಾಟು ಬಂದರೇನೇ ಗಿರಾಕಿಗೆ ಅನುಮಾನ ಶುರು. ಇನ್ನೊಂದು ಮಾತು: ಆಸಿಡ್ ಹಾಕಿ ಉಜ್ಜಿದ ಮೇಲೆ ಅದೇ ನೆಲಕ್ಕೆ ಬ್ಲೀಚಿಂಗ್ ಪೌಡರ್ ಎರಚೋ ಹುಡುಗರಿದ್ದಾರೆ. ಅದರಿಂದ ಕ್ಲೋರಿನ್ ಗ್ಯಾಸ್ ಬರುತ್ತೆ, ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಅಪಾಯ. ಎರಡನ್ನೂ ಒಟ್ಟಿಗೆ ಕೈಗೆ ಕೊಡಲೇಬೇಡಿ.

ತಾರಸಿ ಮೇಲಿಂದ:
ಬಿಸಿನೀರಿನ ಲೆಕ್ಕ ಹಾಕಿ. 20 ಲೀಟರಿನ ಒಂದು ಬಕೆಟ್ ಹದವಾದ ನೀರಿಗೆ 60 ಡಿಗ್ರಿಯ ಬಿಸಿನೀರು ಒಂಬತ್ತು ಲೀಟರ್ ಬೇಕು. ಒಬ್ಬರಿಗೆ ಎರಡು ಬಕೆಟ್ ಅಂದರೆ 18 ಲೀಟರ್, 18 ರೂಮೂ ತುಂಬಿದರೆ 36 ಜನಕ್ಕೆ ಸುಮಾರು 650. ನಿಮ್ಮಲ್ಲಿರೋದು 500, ಅದರಲ್ಲೂ ತಣ್ಣೀರು ಒಳಗೆ ಬಂದು ಬೆರೆಯೋದರಿಂದ ಪೂರ್ತಿ ಸಿಗಲ್ಲ. ಸೋಮವಾರ ಸರಿಯಾಗಿದ್ದು ಶನಿವಾರ, ಭಾನುವಾರ ಗಲಾಟೆ ಆಗೋದು ಇದಕ್ಕೇ.

ಇದರ ಮೇಲೆ ಪೈಪಿನ ನಷ್ಟ. ತಾರಸಿಯಿಂದ ಕೆಳಗಿನ ಕೊನೇ ರೂಮಿಗೆ 20 ಮೀಟರ್ ಒಂದು ಇಂಚಿನ ಪೈಪ್ ಇದ್ದರೆ ಅದರೊಳಗೇ ಹತ್ತು ಲೀಟರ್ ತಣ್ಣಗಾದ ನೀರು ನಿಂತಿರುತ್ತೆ. ಗಿರಾಕಿ ಅರ್ಧ ಬಕೆಟ್ ಬಿಟ್ಟು ನೋಡಿ, ಬರಲ್ಲ ಅಂತ ಕೆಳಗಿಳಿದು ಬಂದು ಜಗಳ ತೆಗೀತಾರೆ. ಪರಿಹಾರ: ಬಿಸಿನೀರಿನ ಲೈನನ್ನ ಕೊನೇ ರೂಮಿಂದ ಮತ್ತೆ ಟ್ಯಾಂಕಿಗೆ ತಿರುಗಿಸಿ ರಿಂಗ್ ಮಾಡಿ, ಚಿಕ್ಕ ಸರ್ಕ್ಯುಲೇಷನ್ ಪಂಪ್ ಕೂರಿಸಿ, ಟೈಮರಲ್ಲಿ 5:30ರಿಂದ 9 ಓಡಿಸಿ. ಪೈಪಿಗೆ ಫೋಮ್ ಇನ್ಸುಲೇಷನ್ ಸುತ್ತದೆ ಇದನ್ನ ಮಾಡಿದರೆ ಪಂಪೇ ನೀರು ತಣ್ಣಗೆ ಮಾಡುತ್ತೆ, ನೆನಪಿರಲಿ. ಜೊತೆಗೆ ಇನ್ನೊಂದು 300 ಲೀಟರ್ ಸೇರಿಸಿ.

ದಸರಾ ಹೊತ್ತಿಗೆ ಮೋಡ, ಮಳೆ ಇದ್ದದ್ದೇ. ಟ್ಯಾಂಕಿನ ಬ್ಯಾಕಪ್ ಕಾಯಿಲ್ 3 ಕಿಲೋವ್ಯಾಟಾದರೆ 500 ಲೀಟರನ್ನ 25ರಿಂದ 60 ಡಿಗ್ರಿಗೆ ತರೋಕೆ ಏಳು ಗಂಟೆ ಹಿಡಿಯುತ್ತೆ, 20 ಯೂನಿಟ್ ಕರೆಂಟ್. ಬೆಳಗ್ಗೆ ಐದಕ್ಕೆ ಸ್ವಿಚ್ ಹಾಕಿದರೆ ಎಂಟಕ್ಕೂ ಉಗುರು ಬೆಚ್ಚಗೇ. ರಾತ್ರಿ 10:30ಕ್ಕೆ ಹಾಕಬೇಕು.

ರೂಮ್ ನಂಬರ್ 7:
ಇಷ್ಟೆಲ್ಲ ಯಾಕೆ, ರೂಮಿಗೊಂದು ಗ್ಯಾಸ್ ಗೀಸರ್ ಹಾಕಿದ್ರೆ ಆಯ್ತಲ್ಲ? ತಕ್ಷಣ ಬಿಸಿನೀರು.

ತಾರಸಿ ಮೇಲಿಂದ:
ದಯವಿಟ್ಟು ಬೇಡ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಸ್ನಾನ ಮಾಡ್ತಿರೋರು ಅಲ್ಲೇ ಕುಸಿದು ಬೀಳ್ತಾರೆ. ಹೀಗೆ ಸತ್ತ ಸುದ್ದಿ ಪೇಪರಲ್ಲಿ ಬರ್ತಾನೇ ಇರುತ್ತೆ. ಸೋಲಾರ್ ಮುಟ್ಟದ ರೂಮಿಗೆ 15 ಲೀಟರಿನ ಎಲೆಕ್ಟ್ರಿಕ್ ಗೀಸರ್ ಹಾಕಿ. 2 ಕಿಲೋವ್ಯಾಟಿನದು 18–20 ನಿಮಿಷಕ್ಕೆ ಕಾಯುತ್ತೆ, ಒಬ್ಬರಿಗೆ ಸಾಕು. ಎರಡನೆಯವರು ಮತ್ತೆ 20 ನಿಮಿಷ ಕಾಯಬೇಕು ಅಂತ ಸ್ವಿಚ್ ಪಕ್ಕ ಬರೆದು ಅಂಟಿಸಿ, ಅರ್ಧ ದೂರು ಅಲ್ಲೇ ಮುಗಿಯುತ್ತೆ. ಒಂದೊಂದಕ್ಕೂ ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳೋ ಸ್ವಿಚ್), ಕಟ್ಟಡಕ್ಕೆ ಅರ್ಥಿಂಗ್ ಪರೀಕ್ಷೆ, ಇವೆರಡಿಲ್ಲದೆ ಹಾಕಬೇಡಿ.

ಹಾಸಿಗೆ ಅಂಚು:
ತಿಗಣೆ ವಿಷಯದಲ್ಲಿ ಲಾಡ್ಜಿನವರು ಮಾಡೋ ದೊಡ್ಡ ಎಡವಟ್ಟು ಅಂದರೆ ದೂರು ಬಂದ ರೂಮಿನ ಹಾಸಿಗೆಯನ್ನ ಇನ್ನೊಂದು ರೂಮಿಗೆ ಸಾಗಿಸೋದು. ಒಂದು ರೂಮಿನ ಕಾಟ ನಾಲ್ಕು ರೂಮಿಗೆ ಹಬ್ಬುತ್ತೆ. ತಾರಸಿಯಲ್ಲಿ ಬಿಸಿಲಿಗೆ ಹಾಕೋದೂ ಅಷ್ಟರಲ್ಲೇ ಇದೆ. ಮೇಲ್ಭಾಗ ಕಾದರೆ ಅವು ಅಡಿಭಾಗಕ್ಕೆ ಸರಿದುಕೊಳ್ತವೆ.

ಟಾರ್ಚ್ ಹಿಡಿದು ಹಾಸಿಗೆ ಅಂಚಿನ ಹೊಲಿಗೆ ಪಟ್ಟಿ, ಮಂಚದ ಹಲಗೆ ಸಂದಿ, ತಲೆದೆಸೆ ಹಲಗೆಯ ಹಿಂಭಾಗ, ಪರದೆಯ ಮಡಿಕೆ, ಗೋಡೆಯ ಫೋಟೋ ಹಿಂದೆ, ಮಂಚದ ಪಕ್ಕದ ಸ್ವಿಚ್‌ಬೋರ್ಡ್ ನೋಡಿ. ಶಾಯಿ ಚುಕ್ಕೆ ಥರ ಕಪ್ಪು ಕಲೆ, ಪೊರೆ, ಬಿಳಿ ಮೊಟ್ಟೆ ಕಂಡರೆ ಖಾತ್ರಿ. ತಲೆದೆಸೆ ಹಲಗೆ ಗೋಡೆಗೆ ಜಡಿದಿದ್ದರೆ ಬಿಚ್ಚಲೇಬೇಕು, ಇರೋದೆಲ್ಲ ಅದರ ಹಿಂದೆಯೇ.

ಔಷಧಿ ಒಂದು ಸಲ ಹೊಡೆಸಿ ಮುಗೀತು ಅಂದುಕೊಳ್ಳಬೇಡಿ. ಬಹುತೇಕ ಔಷಧಿ ಮೊಟ್ಟೆಗೆ ನಾಟಲ್ಲ, ಅವು ಒಂದು ವಾರ ಹತ್ತು ದಿನಕ್ಕೆ ಒಡೆದು ಮರಿ ಆಗ್ತವೆ. ಹಾಗಾಗಿ ಎರಡು ವಾರಕ್ಕೆ ಎರಡನೇ ಸುತ್ತು ಬೇಕೇ ಬೇಕು, ಆಮೇಲೂ ಕಂಡರೆ ಮೂರನೇದು. ಕೊಟೇಷನ್ ಕೇಳುವಾಗಲೇ ಇದನ್ನ ಬರೆಸಿಕೊಳ್ಳಿ. ಎಡ, ಬಲ, ಮೇಲೆ, ಕೆಳಗಿನ ರೂಮುಗಳನ್ನೂ ಸೇರಿಸಿ. ಹೊಗೆ ಬಿಡೋ ಫಾಗರ್ ಬೇಡ, ಸಂದಿಗೆ ಹೋಗಲ್ಲ, ಇದ್ದವನ್ನ ಪಕ್ಕದ ರೂಮಿಗೆ ಓಡಿಸುತ್ತೆ. ರೂಮು ಮುಚ್ಚಿಟ್ಟು ಹಸಿವಿಂದ ಸಾಯಲಿ ಅನ್ನೋದೂ ನಡೆಯಲ್ಲ, ತಿಂಗಳುಗಟ್ಟಲೆ ರಕ್ತ ಇಲ್ಲದೆ ಬದುಕ್ತವೆ. ಬಟ್ಟೆಗಳನ್ನ 60 ಡಿಗ್ರಿ ನೀರಲ್ಲಿ ಒಗೆಸಿ. ಹಾಸಿಗೆಗೆ ಆರೂ ಬದಿ ಮುಚ್ಚೋ ಜಿಪ್ ಕವರ್ ಹಾಕಿ. ಹೊಸ ಪರದೆಗಿಟ್ಟ ದುಡ್ಡು ಇದಕ್ಕೆ ಬರಲಿ.

ಬೆಡ್‌ಶೀಟ್ ಒಂದು ಮಂಚಕ್ಕೆ ಮೂರು ಜೊತೆ ಇರಬೇಕು: ಒಂದು ಹಾಸಿದ್ದು, ಒಂದು ಒಗೆಯೋಕೆ ಹೋದದ್ದು, ಒಂದು ಕಪಾಟಲ್ಲಿ. ಎರಡೇ ಇದ್ದರೆ ಮಳೆಗಾಲದಲ್ಲಿ ಅರೆ ಒಣಗಿದ್ದನ್ನೇ ಹಾಸ್ತಾರೆ, ಮುಗ್ಗಲು ವಾಸನೆ ಅಲ್ಲಿಂದ.

ಬಿಲ್ ಬುಕ್:
ರೇಟಿನ ಜಗಳಕ್ಕೆ ದುಡ್ಡೇ ಬೇಡ. ₹7,500ವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 5%, ಮುಂಚೆ 12% ಇತ್ತು. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಇನ್ನೂ 12 ಹಾಕ್ತಿದೆಯಾ ನೋಡಿ. ₹1,100 ಅಂತ ಹೇಳಿ ₹1,155 ಬಿಲ್ ಕೊಟ್ಟರೆ ಕಾನೂನು ಪ್ರಕಾರ ಸರಿ, ಆದರೆ ಗಿರಾಕಿಗೆ ಮೋಸ ಅನ್ನಿಸುತ್ತೆ. ಬೋರ್ಡಲ್ಲೇ ತೆರಿಗೆ ಸೇರಿಸಿ ಬರೆಯಿರಿ. ಎಕ್ಸ್‌ಟ್ರಾ ಬೆಡ್, ಮೂರನೇ ವ್ಯಕ್ತಿ, ಇವುಗಳ ದರವೂ ಅಲ್ಲೇ ಇರಲಿ.

ಇನ್ನೊಂದು, ಚೆಕ್‌ಔಟ್. ಕೌಂಟರಲ್ಲಿ 24 ಗಂಟೆ, ಆನ್‌ಲೈನ್ ಬುಕಿಂಗಲ್ಲಿ ಮಧ್ಯಾಹ್ನ 12 ಅಂತಿದ್ದರೆ ದಿನಾ ರಾಮಾಯಣ. ಬೆಳಗ್ಗೆ ಐದಕ್ಕೆ ಬಸ್ಸಿಳಿದು ಬಂದವರಿಗೆ ಏಳೇ ತಾಸು ಕಳೆದ ಮೇಲೆ, ಮಧ್ಯಾಹ್ನ 12ಕ್ಕೆ, ಇನ್ನೊಂದು ದಿನದ ಬಾಡಿಗೆ ಕೊಡಿ ಅಂದರೆ ಅವರು 1915ಕ್ಕೆ ಫೋನ್ ಮಾಡಿದರೂ ತಪ್ಪಿಲ್ಲ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎರಡು ಕಡೆಯೂ ಒಂದೇ ನಿಯಮ ಇಡಿ.

ಬಸ್ ಸ್ಟ್ಯಾಂಡ್ ಕಡೆ ಕಿಟಕಿ ಇರೋ ರೂಮನ್ನ ವಯಸ್ಸಾದವರಿರೋ ಕುಟುಂಬಕ್ಕೆ ಕೊಡಬೇಡಿ. ಕೊಡಲೇಬೇಕಾದರೆ ರಾತ್ರಿಯೆಲ್ಲ ಹಾರ್ನ್ ಇರುತ್ತೆ ಅಂತ ಹೇಳಿ, ₹100 ಬಿಡಿ.

ಬೀಗದಕೈ:
ಮಾಲೀಕರಿಗೆ ಓದಿಸಿದೆ, ಟಿವಿ ಮುಂದಕ್ಕೆ ಹೋಯ್ತು. ಒಂದೇ ಅನುಮಾನ: ಮೊದಲ ಮಹಡಿಯ ಎರಡು ರೂಮಲ್ಲಿ ಬಿಸಿ ನಲ್ಲಿ ಎಷ್ಟು ಹೊತ್ತು ಬಿಟ್ಟರೂ ತಣ್ಣೀರೇ. ಪಕ್ಕದ ರೂಮಲ್ಲಿ ಸುಡೋ ನೀರು ಬರುತ್ತೆ.

ಪೈಪ್‌ಲೈನ್:
ತಣ್ಣೀರು ಬಿಸಿನೀರಿನ ಲೈನಿಗೆ ನುಗ್ತಾ ಇದೆ. ತಣ್ಣೀರಿಗೆ ಪ್ರೆಶರ್ ಪಂಪ್ ಇದ್ದು, ಸೋಲಾರ್ ನೀರು ತನ್ನಷ್ಟಕ್ಕೆ ಇಳಿಯೋ ಕಡೆ ಹೀಗಾಗುತ್ತೆ. ಯಾವುದೋ ವಾಲ್ ಮಿಕ್ಸರಿನ (ಬಿಸಿನೀರು, ತಣ್ಣೀರು ಬೆರೆಸೋ ಗೋಡೆ ನಲ್ಲಿ) ಒಳಗಿನ ವಾಷರ್ ಹೋಗಿರುತ್ತೆ.

ಪರೀಕ್ಷೆ ಸುಲಭ. ತಾರಸಿಯಲ್ಲಿ ಸೋಲಾರ್ ಟ್ಯಾಂಕಿಂದ ಇಳಿಯೋ ಬಿಸಿನೀರಿನ ವಾಲ್ವ್ ಮುಚ್ಚಿ, ಆ ರೂಮಿನ ಬಿಸಿ ನಲ್ಲಿ ಬಿಡಿ. ಪೈಪಲ್ಲಿ ಉಳಿದದ್ದು ಹರಿದು ನಿಲ್ಲಬೇಕು. ಐದು ನಿಮಿಷ ಆದರೂ ನಿಲ್ಲದಿದ್ದರೆ ಅದು ತಣ್ಣೀರೇ. ಈಗ ಆ ಲೈನಿನ ರೂಮುಗಳಲ್ಲಿ ಮಿಕ್ಸರಿಗೆ ಹೋಗೋ ತಣ್ಣೀರನ್ನ ಒಂದೊಂದಾಗಿ ಬಂದ್ ಮಾಡ್ತಾ ಬನ್ನಿ. ಯಾವುದನ್ನ ಮುಚ್ಚಿದಾಗ ನಲ್ಲಿ ನಿಲ್ಲುತ್ತೋ ಅದೇ ಕಳ್ಳ. ವಾಷರ್ ಬದಲಿಸಿ, ಆ ಮಿಕ್ಸರಿನ ಬಿಸಿ ಕಡೆಗೆ ಒಂದು ಎನ್‌ಆರ್‌ವಿ (ನೀರು ಹಿಂದಕ್ಕೆ ಹೋಗದ ಹಾಗೆ ತಡೆಯೋ ವಾಲ್ವ್) ಹಾಕಿಸಿ. ಬಾಣದ ಗುರುತು ಮಿಕ್ಸರ್ ಕಡೆ ಇರಬೇಕು, ತಿರುಗುಮುರುಗು ಕೂರಿಸಿದರೆ ಬಿಸಿನೀರು ಒಂದು ಹನಿಯೂ ಬರಲ್ಲ.