ಕಾರಿನ ಚರ್ಮದ ಸೀಟು: ಕಂಡಿಷನರ್ ಎಷ್ಟು ಅಗತ್ಯ, ಶುಚಿ ಮಾಡುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಏಳು ವರ್ಷ ಓಡಿರುವ ಕಾರೊಂದನ್ನು ಕಳೆದ ತಿಂಗಳು ಕೊಂಡಿದ್ದೇನೆ. ಅದರ ಸೀಟುಗಳು ಕೆನೆ ಬಣ್ಣದ ಚರ್ಮದವು. ಹಿಂದಿನ ಸೀಟು ಇನ್ನೂ ಹೊಸದರಂತೆಯೇ ಇದೆ. ಆದರೆ ಚಾಲಕನ ಸೀಟಿನಲ್ಲಿ ಬಾಗಿಲ ಕಡೆಗಿರುವ ಉಬ್ಬು, ಅಂದರೆ ಹತ್ತಿ ಇಳಿಯುವಾಗಲೆಲ್ಲ ತೊಡೆ ಉಜ್ಜುವ ಭಾಗ, ಬೂದು ಬಣ್ಣಕ್ಕೆ ತಿರುಗಿ ಎಣ್ಣೆ ಸವರಿದಂತೆ ಮಿರುಗುತ್ತಿದೆ. ಅಲ್ಲಲ್ಲಿ ಕೂದಲೆಳೆಯಂಥ ಬಿರುಕುಗಳೂ ಕಾಣುತ್ತಿವೆ. ಚರ್ಮ ಒಣಗಿರಬೇಕೆಂದು ಭಾವಿಸಿ, ಚರ್ಮಕ್ಕೆ ಹಚ್ಚುವ ಪಾಲಿಶ್ ಎಂದು ಬಾಟಲಿಯ ಮೇಲೆ ಬರೆದಿದ್ದ ದ್ರವವನ್ನು ಎರಡು ಸಲ ಹಚ್ಚಿದೆ. ಮೊದಲ ದಿನ ಸೀಟು ಥಳಥಳಿಸಿತು. ವಾರ ಕಳೆಯುವಷ್ಟರಲ್ಲಿ ಕೈಗೆ ಅಂಟುವಂತಾಗಿ, ಹೊಲಿಗೆಯ ಸಾಲಿನಲ್ಲಿ ಧೂಳು ಕಪ್ಪು ಗೆರೆಯಾಗಿ ಕೂತುಬಿಟ್ಟಿತು.

ಈ ಜಿಗುಟನ್ನು ಚರ್ಮಕ್ಕೆ ಕೇಡಾಗದಂತೆ ತೆಗೆಯುವುದು ಹೇಗೆ? ಶುಚಿ ಮಾಡಿದ ಮೇಲೆ ಕಂಡಿಷನರ್ ಹಚ್ಚಲೇಬೇಕೇ, ಹಚ್ಚುವುದಾದರೆ ಎಷ್ಟು ದಿನಕ್ಕೊಮ್ಮೆ? ಸೀಟಿನ ನಡುಭಾಗದಲ್ಲಿ ಗಾಳಿ ಬರಲೆಂದು ಸಣ್ಣ ಸಣ್ಣ ರಂಧ್ರಗಳಿರುವುದರಿಂದ ನೀರು ಬಳಸಲು ಅಂಜಿಕೆಯಾಗುತ್ತಿದೆ. ಬಾಗಿಲುಗಳ ಒಳಬದಿಯಲ್ಲಿ ಮಖಮಲ್ಲಿನಂತೆ ಮೆತ್ತಗಿರುವ ಹೊದಿಕೆಯೂ ಇದೆ. ಅದಕ್ಕೂ ಇದೇ ಆರೈಕೆ ಸಾಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ನೀವು ಬರೆದಿರುವುದನ್ನು ನೋಡಿದರೆ ಚರ್ಮ ಒಣಗಿದಂತೆ ತೋರುವುದಿಲ್ಲ. ಕೊಳೆ ಸೇರಿಕೊಂಡಿದೆ ಅಷ್ಟೆ. ಇಂದಿನ ಬಹುಪಾಲು ಕಾರುಗಳಲ್ಲಿ ನಮ್ಮ ಕೈಗೆ ತಾಗುವುದು ಚರ್ಮದ ಮೇಲಿನ ಲೇಪ. ಹದ ಮಾಡಿದ ಚರ್ಮಕ್ಕೆ ಬಣ್ಣದ ಪದರವನ್ನು ಕೊಟ್ಟು, ಅದರ ಮೇಲೆ ಪಾಲಿಯುರಿಥೇನ್‌ನ ತೆಳುವಾದ ಪಾರದರ್ಶಕ ಪದರವನ್ನು ಎಳೆದಿರುತ್ತಾರೆ. ಬೆವರು, ಬಿಸಿಲು, ಬಟ್ಟೆಯ ತಿಕ್ಕಾಟ ಇವೆಲ್ಲವನ್ನೂ ಮೊದಲು ತಡೆದುಕೊಳ್ಳುವುದು ಆ ಪದರವೇ. ಚರ್ಮವನ್ನು ಮೃದುವಾಗಿಡುವ ಎಣ್ಣೆಯಂಶವನ್ನು ಹದ ಮಾಡುವ ಹಂತದಲ್ಲಿಯೇ ಅದರ ನಾರುಗಳ ನಡುವೆ ಸೇರಿಸಿರುತ್ತಾರೆ. ಹೀಗಿರುವಾಗ ಮೇಲಿನಿಂದ ಹಚ್ಚಿದ ಎಣ್ಣೆ ಅಥವಾ ಪಾಲಿಶ್ ಒಳಕ್ಕೆ ಇಳಿಯಲು ದಾರಿಯೇ ಇರುವುದಿಲ್ಲ. ಅದು ಮೇಲೆಯೇ ನಿಂತು ಧೂಳನ್ನು ಹಿಡಿದುಕೊಳ್ಳುತ್ತದೆ, ನಿಮ್ಮ ಸೀಟಿನಲ್ಲಿ ಆಗಿರುವುದೂ ಅದೇ.

ನಿಮ್ಮದು ಲೇಪವಿರುವ ಚರ್ಮವೇ ಎಂಬುದನ್ನು ತಿಳಿಯಲು, ಕಣ್ಣಿಗೆ ಬೀಳದ ಒಂದು ಮೂಲೆಯನ್ನು ಒರೆಸಿ ಅಲ್ಲಿ ಒಂದು ಹನಿ ನೀರು ಬಿಡಿ. ಹನಿ ಮಣಿಯಂತೆ ನಿಂತರೆ ಲೇಪವಿದೆ. ಕೆಲವು ಕ್ಷಣಗಳಲ್ಲಿ ಇಂಗಿ ಆ ಜಾಗ ಕಪ್ಪಾದರೆ ಅದು ಅನಿಲಿನ್ ಎಂದು ಕರೆಯುವ, ಲೇಪವಿಲ್ಲದ ಚರ್ಮ. ಅದರ ಆರೈಕೆಯೇ ಬೇರೆ. ಸೀಟಿನ ಬೆನ್ನು ಮತ್ತು ಪಕ್ಕಗಳಿಗೆ ಅನೇಕ ಕಾರುಗಳಲ್ಲಿ ಚರ್ಮದ ಬದಲು ವಿನೈಲ್ ಹಾಕಿರುತ್ತಾರಾದ್ದರಿಂದ ಈ ಪರೀಕ್ಷೆಯನ್ನು ಕೂರುವ ಭಾಗದಲ್ಲಿಯೇ ಮಾಡಬೇಕು.

ಕಾರಿನ ಚರ್ಮ ಹೊಸದಿದ್ದಾಗ ಸಾಮಾನ್ಯವಾಗಿ ಮಂಕಾಗಿಯೇ ಇರುತ್ತದೆ. ಮಿರುಗುವುದು ಮೈಯ ಜಿಡ್ಡು. ಆದ್ದರಿಂದ ಹೊಳಪನ್ನು ಆರೋಗ್ಯದ ಗುರುತೆಂದು ತಿಳಿದು ಇನ್ನಷ್ಟು ಹೊಳಪು ಹಚ್ಚುವುದನ್ನು ದಯವಿಟ್ಟು ನಿಲ್ಲಿಸಿ. ಅಡುಗೆ ಎಣ್ಣೆ ಹಚ್ಚಿರೆಂದು ಯಾರಾದರೂ ಹೇಳಿದರೆ ಅದನ್ನೂ ಕೇಳಬೇಡಿ. ಅದು ದಿನ ಕಳೆದಂತೆ ಕಮಟು ವಾಸನೆ ಹಿಡಿಯುತ್ತದೆ.

ಎರಡನೆಯ ಉತ್ತರ

ಸೀಟುಗಳ ಕುಶನ್ ಕೆಲಸವೇ ನನ್ನ ವೃತ್ತಿಯಾದ್ದರಿಂದ, ಮೇಲೆ ಹೇಳಿದ ಮಾತನ್ನು ಒಪ್ಪಿಕೊಂಡು, ಶುಚಿ ಮಾಡುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಒದ್ದೆ ಮಾಡುವ ಮೊದಲು ವ್ಯಾಕ್ಯೂಮ್ ಕ್ಲೀನರ್‌ಗೆ ಮೆತ್ತನೆಯ ಬ್ರಷ್ ಸಿಕ್ಕಿಸಿ ಹೊಲಿಗೆಯ ಸಾಲುಗಳನ್ನೂ ಸೀಟಿನ ಸಂದುಗಳನ್ನೂ ಚೆನ್ನಾಗಿ ಎಳೆಯಬೇಕು. ಅಲ್ಲಿ ಅಡಗಿರುವ ಮರಳಿನ ಕಣಗಳು ಒದ್ದೆ ಬಟ್ಟೆಗೆ ಅಂಟಿಕೊಂಡರೆ ನೀವು ಸೀಟನ್ನು ಒರೆಸುತ್ತಿಲ್ಲ, ಉಪ್ಪುಕಾಗದದಿಂದ ಉಜ್ಜುತ್ತಿದ್ದೀರಿ ಎಂದೇ ಅರ್ಥ. ಆಮೇಲೆ ಚರ್ಮಕ್ಕೆಂದೇ ತಯಾರಿಸಿದ, ನೀರಿನಲ್ಲಿ ಕರಗುವ ಸೌಮ್ಯ ಕ್ಲೀನರ್ ತೆಗೆದುಕೊಳ್ಳಿ. ಕ್ರೋಮಿಯಂ ಲವಣದಿಂದ ಹದ ಮಾಡಿದ ಚರ್ಮ ತುಸು ಆಮ್ಲೀಯ. ಅದರ ಪಿಎಚ್ ಸುಮಾರು 3.5ರಿಂದ 5ರ ನಡುವೆ ಇರುತ್ತದೆ. ಸ್ನಾನದ ಸೋಪಿನ ಪಿಎಚ್ 9ರಿಂದ 10ರವರೆಗೂ ಹೋಗುತ್ತದೆ. ಅಂಥ ಕ್ಷಾರ ಪದೇ ಪದೇ ಬಿರುಕುಗಳ ಮೂಲಕ ಒಳಗೆ ಸೇರಿದರೆ ಚರ್ಮ ಗಡುಸಾಗುತ್ತದೆ.

ಕ್ಲೀನರನ್ನು ಎಂದಿಗೂ ಸೀಟಿನ ಮೇಲೆ ನೇರವಾಗಿ ಸಿಂಪಡಿಸಬೇಡಿ, ಬ್ರಷ್‌ಗೆ ಹಾಕಿಕೊಳ್ಳಿ. ರಂಧ್ರಗಳಿರುವ ಸೀಟಿನ ಕೆಳಗೆ ಗಾಳಿಯ ಫ್ಯಾನು, ಕೆಲವು ಕಾರುಗಳಲ್ಲಿ ಬಿಸಿ ಮಾಡುವ ತಂತಿ ಮತ್ತು ಯಾರಾದರೂ ಕುಳಿತಿದ್ದಾರೆಯೇ ಎಂದು ಅರಿಯುವ ಸೆನ್ಸರ್ ಇರುತ್ತವೆ. ಕುದುರೆ ಕೂದಲಿನ ಮೆತ್ತನೆಯ ಬ್ರಷ್‌ನಿಂದ ಒಂದು ಅಡಿ ಅಗಲದಷ್ಟು ಜಾಗವನ್ನು ಮಾತ್ರ ನೊರೆ ಬರುವಂತೆ ಸುತ್ತಿಸುತ್ತ ತಿಕ್ಕಿ. ಬಿಳಿಯ ನೊರೆ ಕೆಲವೇ ಸುತ್ತುಗಳಲ್ಲಿ ಕಾಫಿ ಕಷಾಯದ ಬಣ್ಣಕ್ಕೆ ತಿರುಗುವುದನ್ನು ನೀವೇ ಕಾಣುವಿರಿ. ಆ ಕೊಳೆ ಚರ್ಮದ ಸಣ್ಣ ಗೀರುಗಳಿಂದ ಮೇಲೆದ್ದು ಬಂದದ್ದು. ಅದು ಅಲ್ಲಿಯೇ ಒಣಗಲು ಬಿಡದೆ, ಒದ್ದೆ ಮಾಡಿ ಬಿಗಿಯಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಕೂಡಲೇ ಎತ್ತಿಬಿಡಿ. ಬಟ್ಟೆಯ ಒಂದು ಮಗ್ಗುಲು ಕೊಳೆಯಾದೊಡನೆ ಮಡಿಕೆ ಬದಲಿಸಿ. ನೊರೆ ಬಿಳಿಯಾಗಿಯೇ ಉಳಿದು, ಒಣಗಿದ ಮೇಲೆ ಬೆರಳಾಡಿಸಿದಾಗ ಜಾರದೆ, ಅಂಟದೆ, ಲೇಸಾಗಿ ಹಿಡಿದಂತಾದರೆ ಆ ಭಾಗ ಮುಗಿಯಿತು. ಎರಡು ಪದರ ಪಾಲಿಶ್ ಇರುವುದರಿಂದ ನಿಮಗೆ ಮೂರು ನಾಲ್ಕು ಸಲವಾದರೂ ಬೇಕಾಗಬಹುದು. ಒತ್ತಡ ಹೆಚ್ಚಿಸುವ ಬದಲು ಸರದಿ ಹೆಚ್ಚಿಸಿ. ಬಿಳಿಯ ಮೆಲಮೈನ್ ಸ್ಪಂಜನ್ನು ಮಾತ್ರ ಮುಟ್ಟಬೇಡಿ. ಅದು ಕೊಳೆಯನ್ನು ತೆಗೆಯುವುದೇ ಮೇಲ್ಪದರವನ್ನು ಸವೆಸುವ ಮೂಲಕ.

ಸ್ಟೀರಿಂಗ್ ಚಕ್ರಕ್ಕೂ ಇದೇ ಕ್ರಮ ಸಾಕು. ಆದರೆ ಅದಕ್ಕೆ ಜಾರುವಂಥ ಯಾವುದನ್ನೂ ಹಚ್ಚಬಾರದು, ಅದು ಅಪಾಯ. ಕೈಗೆ ಸ್ಯಾನಿಟೈಸರ್ ಹಾಕಿಕೊಂಡವರು ಅದು ಪೂರ್ತಿ ಆರುವ ಮೊದಲೇ ಚಕ್ರ ಹಿಡಿಯುವುದರಿಂದ, ಅದರಲ್ಲಿರುವ ಆಲ್ಕೋಹಾಲ್ ಲೇಪವನ್ನು ಮೆತ್ತಗಾಗಿಸಿ ಎಬ್ಬಿಸಿರುವ ಎಷ್ಟೋ ಚಕ್ರಗಳಿಗೆ ನಾನು ಹೊಸ ಹೊದಿಕೆ ಹೊಲಿದಿದ್ದೇನೆ.

ಮೂರನೆಯ ಉತ್ತರ

ಶುಚಿ ಮಾಡುವ ಕ್ರಮ ಸರಿಯಾಗಿಯೇ ಇದೆ. ಆದರೆ ಕಂಡಿಷನರ್ ಪೂರ್ತಿ ನಿರುಪಯುಕ್ತವೆಂಬ ಅಭಿಪ್ರಾಯ ಓದುಗರಲ್ಲಿ ಮೂಡಬಾರದೆಂದು ಎರಡು ಮಾತು ಬರೆಯುತ್ತಿದ್ದೇನೆ. ನನ್ನ ಹಳೆಯ ಕಾರಿನದು ನೀರಿನ ಹನಿಯನ್ನು ಹೀರಿಕೊಳ್ಳುವ, ಲೇಪವಿಲ್ಲದ ಚರ್ಮ. ಅದಕ್ಕೆ ವರ್ಷಕ್ಕೆ ಎರಡು ಮೂರು ಸಲ, ಅಂಗೈಯಗಲದ ಸ್ಪಂಜಿಗೆ ಬಟಾಣಿ ಕಾಳಿನಷ್ಟು ಕ್ರೀಮು ಹಚ್ಚಿ, ತೆಳುವಾಗಿ ಹರಡಿ, ಅರ್ಧ ಗಂಟೆಯ ನಂತರ ಉಳಿದುದನ್ನು ಒರೆಸಿ ತೆಗೆಯುತ್ತೇನೆ. ಚರ್ಮ ಅದನ್ನು ಕುಡಿಯುವುದು ಕಣ್ಣಿಗೇ ಕಾಣುತ್ತದೆ, ಮಡಿಕೆಗಳೂ ಮೆತ್ತಗಾಗುತ್ತವೆ. ಲೇಪವಿರುವ ಚರ್ಮಕ್ಕಾದರೂ ಮಂಕಾಗಿ ಒಣಗುವ, ನೀರನ್ನು ಆಧಾರವಾಗಿ ಹೊಂದಿರುವ ರಕ್ಷಕ ದ್ರವವನ್ನು ಹಚ್ಚುವುದರಿಂದ ಪ್ರಯೋಜನವಿದೆ. ಬಟ್ಟೆಯ ತಿಕ್ಕಾಟ ಕಡಿಮೆಯಾಗುತ್ತದೆ, ಹೊಸ ಜೀನ್ಸ್‌ನ ನೀಲಿ ಬಣ್ಣ ಕೆನೆ ಬಣ್ಣದ ಸೀಟಿಗೆ ಬೇಗನೆ ಹತ್ತುವುದಿಲ್ಲ. ಹತ್ತಿದರೂ ಅದನ್ನು ಕೆಲವು ದಿನಗಳೊಳಗೆ ತೆಗೆಯಬೇಕು. ತಿಂಗಳುಗಟ್ಟಲೆ ಬಿಟ್ಟರೆ ಅದು ಲೇಪದೊಳಕ್ಕೇ ಇಳಿಯುತ್ತದೆ.

ಬಾಗಿಲಿನ ಮಖಮಲ್ಲಿನಂಥ ಹೊದಿಕೆ ಬಹುಶಃ ಆಲ್ಕಾಂಟರಾ ಅಥವಾ ಅದರ ಜಾತಿಯ ಬಟ್ಟೆ ಇರಬೇಕು. ನೋಡಲು ಚರ್ಮದಂತಿದ್ದರೂ ಅದರಲ್ಲಿ ಚರ್ಮವಿಲ್ಲ. 1970ರಲ್ಲಿ ಜಪಾನಿನ ಟೋರೇ ಸಂಸ್ಥೆಯ ಮಿಯೋಶಿ ಒಕಾಮೊಟೊ ರೂಪಿಸಿದ ಆ ವಸ್ತುವಿನಲ್ಲಿರುವುದು ಪಾಲಿಯೆಸ್ಟರ್ ಮತ್ತು ಪಾಲಿಯುರಿಥೇನ್. ಅದಕ್ಕೆ ಕಂಡಿಷನರ್ ತಾಗಿದರೆ ನವಿರಾದ ಎಳೆಗಳು ಒಂದಕ್ಕೊಂದು ಅಂಟಿ ಜಡೆಗಟ್ಟುತ್ತವೆ. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮೆತ್ತನೆಯ ಬ್ರಷ್ ಆಡಿಸಿದರೆ ಸಾಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನೀರಿನ ಹನಿ ಹತ್ತು ನಿಮಿಷವಾದರೂ ಇಂಗದೆ ಮಣಿಯಂತೆಯೇ ನಿಂತಿತ್ತು. ಚಾಲಕನ ಸೀಟೊಂದಕ್ಕೇ ಎರಡು ಗಂಟೆ ಹಿಡಿಯಿತು. ಉಬ್ಬಿನ ಭಾಗವನ್ನು ಐದು ಸಲ ತಿಕ್ಕಬೇಕಾಯಿತು. ಮೂರನೆಯ ಸರದಿಯವರೆಗೂ ನೊರೆ ಕಂದಾಗಿಯೇ ಬರುತ್ತಿತ್ತು. ಈಗ ಮಿರುಗು ಹೋಗಿದೆ, ಹಿಂದಿನ ಸೀಟಿನ ಕೆನೆ ಬಣ್ಣವೇ ಇಲ್ಲಿಯೂ ಮರಳಿದೆ, ಕೈಗೆ ಅಂಟುವುದೂ ಇಲ್ಲ. ಆದರೆ ಕೊಳೆ ಹೋದ ಮೇಲೆ ಬಿರುಕುಗಳು ಇನ್ನೂ ಸ್ಪಷ್ಟವಾಗಿ ಕಾಣುತ್ತಿವೆ. ಇವಕ್ಕೆ ಪರಿಹಾರವಿದೆಯೇ?

ಎರಡನೆಯ ಉತ್ತರ ಬರೆದವರಿಂದ

ಬಹಳ ಸಂತೋಷವಾಯಿತು. ಬಿರುಕನ್ನು ಬೆರಳ ಉಗುರಿನಿಂದ ಮೆಲ್ಲನೆ ಸವರಿ ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಬಿರುಕು ಲೇಪದಲ್ಲಿ ಮಾತ್ರ ಇದೆ. ಒಡೆದ ಬಣ್ಣವನ್ನು ಯಾವ ಕಂಡಿಷನರೂ ಕೂಡಿಸಲಾರದು. ಅದಕ್ಕೆ ಮತ್ತೆ ಬಣ್ಣವೇ ಬೇಕು. ಆ ಭಾಗದ ಜಿಡ್ಡನ್ನು ಪೂರ್ತಿಯಾಗಿ ತೆಗೆದು, ಅತಿ ನಯವಾದ ಉಪ್ಪುಕಾಗದದಿಂದ ಲೇಸಾಗಿ ಉಜ್ಜಿ, ಬಾಗಿದರೂ ಒಡೆಯದ ಫಿಲ್ಲರನ್ನು ತೆಳುವಾಗಿ ತುಂಬಿ, ಸೀಟಿಗೆ ಹೊಂದುವಂತೆ ಬೆರೆಸಿದ ಬಣ್ಣವನ್ನು ಸ್ಪಂಜಿನಿಂದ ಹಲವು ತೆಳು ಪದರಗಳಲ್ಲಿ ಒತ್ತಿ, ಕೊನೆಗೆ ಮಂಕಾದ ಪಾರದರ್ಶಕ ಲೇಪವನ್ನು ಕೊಡುತ್ತೇವೆ. ಪ್ರತಿ ಪದರವೂ ಚೆನ್ನಾಗಿ ಆರಿದ ಮೇಲೆಯೇ ಮುಂದಿನದು. ಕೆನೆ ಬಣ್ಣವನ್ನು ಹೊಂದಿಸುವುದು ಕಷ್ಟವಾದ್ದರಿಂದ ಮೊದಲ ಸಲವೇ ಸ್ವತಃ ಕೈ ಹಾಕುವುದು ಬೇಡ.

ಉಗುರು ಸಿಕ್ಕಿಕೊಂಡು ಚರ್ಮದ ನಾರು ಕಂಡರೆ ಆ ತುಂಡನ್ನೇ ಬದಲಿಸಬೇಕಾಗುತ್ತದೆ. ಆಗ ಒಂದು ಎಚ್ಚರಿಕೆಯನ್ನು ಮರೆಯಬೇಡಿ. ಅನೇಕ ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಬಾಗಿಲ ಕಡೆಗಿನ ಒರಗುವ ಭಾಗದಲ್ಲಿಯೇ ಇರುತ್ತದೆ. ಅದು ಉಬ್ಬುವಾಗ ಹರಿದು ದಾರಿ ಬಿಡಲೆಂದೇ ಅಲ್ಲಿನ ಹೊಲಿಗೆಗೆ ಬೇರೆಯ ದಾರ ಬಳಸಿರುತ್ತಾರೆ. ಅದರ ಬದಲು ಮಾಮೂಲಿ ಗಟ್ಟಿ ದಾರದಿಂದ ಹೊಲಿದರೆ ಏರ್‌ಬ್ಯಾಗ್ ಹೊರಬರಬೇಕಾದ ಕ್ಷಣದಲ್ಲಿ ತಡೆಯುಂಟಾಗಬಹುದು. ಆದ್ದರಿಂದ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಗುರುತಿನ ಚೀಟಿ ಇದೆಯೇ ಎಂದು ನೋಡಿ, ಇದ್ದರೆ ಕೆಲಸ ಒಪ್ಪಿಸುವ ಮುನ್ನವೇ ಹೊಲಿಯುವವರಿಗೆ ಅದನ್ನು ತೋರಿಸಿ.