ರಾಸಾಯನಿಕಗಳ ಅಪಾಯ ತಗ್ಗಿಸುವ ರಾಜ್ಯ ನೀತಿಯಲ್ಲಿ ಕೆಲಸ: ಅನುಭವಸ್ಥರಲ್ಲಿ ಒಂದು ಕೋರಿಕೆ

ಪ್ರಶ್ನೆ (ಸಿಂಧನೂರಿನವಳು, ಈಗ ಬೆಂಗಳೂರು)

ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ನಾಲ್ಕು ವರ್ಷಗಳಿಂದ ಖಾಸಗಿ ಪ್ರಯೋಗಾಲಯವೊಂದರಲ್ಲಿ ನೀರು ಮತ್ತು ತರಕಾರಿಗಳಲ್ಲಿ ಉಳಿದ ಕೀಟನಾಶಕದ ಅಂಶವನ್ನು ಪರೀಕ್ಷಿಸುವ ಕೆಲಸ ಮಾಡುತ್ತಿದ್ದೇನೆ. ವರದಿ ಕೊಟ್ಟ ಮೇಲೆ ಅದು ಎಲ್ಲಿಗೆ ಹೋಯಿತು, ಅದರಿಂದ ಏನಾಯಿತು ಎಂಬುದು ನನಗೆ ಎಂದೂ ತಿಳಿದಿಲ್ಲ. ನಮ್ಮ ಕಡೆ ಹತ್ತಿಗೂ ಭತ್ತಕ್ಕೂ ‘ಎಣ್ಣೆ ಹೊಡೆಯುವವರು’ ಮೂಗಿಗೆ ಟವೆಲ್ ಸುತ್ತಿಕೊಳ್ಳುವುದನ್ನು ಬಿಟ್ಟರೆ ಬೇರೆ ರಕ್ಷಣೆಯನ್ನು ಕಂಡವರಲ್ಲ. ಇಂಥ ವಿಷ ಜನರ ಮೈಗೆ, ಹೊಟ್ಟೆಗೆ ಸೇರುವುದನ್ನು ತಡೆಯುವ ನೀತಿಯ ಕೆಲಸವನ್ನು ರಾಜ್ಯದ ಮಟ್ಟದಲ್ಲಿ ಮಾಡಬೇಕೆಂಬ ಆಸೆಯಿದೆ. ಆದರೆ ಕಾಯ್ದೆಗಳೆಲ್ಲ ಕೇಂದ್ರದವಾಗಿರುವಾಗ ರಾಜ್ಯದ ಕೈಯಲ್ಲಿ ನಿಜವಾಗಿ ಏನಿದೆ? ಇದಕ್ಕೆ ಕಾನೂನು ಪದವಿ ಬೇಕೆ? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಆಹಾರ ಸುರಕ್ಷತಾಧಿಕಾರಿ, ಹಾಸನ

ಮಗಳ ವಯಸ್ಸಿನವರಾದ ನಿಮಗೆ ಉತ್ತೇಜನದ ಮಾತಿಗಿಂತ ಕೆಲಸದ ಮಾತು ಹೇಳುತ್ತೇನೆ. ರಾಜ್ಯದ ಕೈಯಲ್ಲಿರುವುದು ಸ್ವಲ್ಪವೇ. ಆದರೆ ಆ ಸ್ವಲ್ಪ ಯಾವ ಕಲಮಿನಲ್ಲಿದೆ ಎಂದು ಬಲ್ಲವರು ಇಲಾಖೆಯೊಳಗೂ ಬೆರಳೆಣಿಕೆಯಷ್ಟೇ ಮಂದಿ ಇರುತ್ತಾರೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 30ನೇ ಕಲಮು, ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಯಾವುದೇ ಆಹಾರ ಪದಾರ್ಥದ ತಯಾರಿಕೆ, ದಾಸ್ತಾನು, ಮಾರಾಟಗಳನ್ನು ಒಂದು ವರ್ಷ ಮೀರದ ಅವಧಿಗೆ ನಿಷೇಧಿಸುವ ಅಧಿಕಾರವನ್ನು ರಾಜ್ಯದ ಆಹಾರ ಸುರಕ್ಷತಾ ಆಯುಕ್ತರಿಗೆ ಕೊಡುತ್ತದೆ. ಒಂದು ವರ್ಷ ಎಂಬ ಮಾತನ್ನು ಗಮನಿಸಿ. ಆ ಗಡುವು ಮುಗಿಯುವ ಮುನ್ನ ಕಡತವನ್ನು ಮತ್ತೆ ಮೇಲೆತ್ತುವವರೊಬ್ಬರು ಇರಬೇಕಾಗುತ್ತದೆ.

2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯವು ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಆ ಆದೇಶದ ಹಿಂದೆ ಲೆಕ್ಕವಿತ್ತು: ಗೋಬಿಯ 171 ಮಾದರಿಗಳಲ್ಲಿ 107, ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವೆಂದು ಪ್ರಯೋಗಾಲಯದಿಂದ ಬಂದಿದ್ದವು. ಅದೇ ವರ್ಷ ಜೂನ್‌ನಲ್ಲಿ ಕಬಾಬಿನ 39 ಮಾದರಿಗಳಲ್ಲಿ 8 ಅಸುರಕ್ಷಿತವೆಂದು ಕಂಡಾಗ ಅದಕ್ಕೂ ಆದೇಶ ಬಂತು. ಇಲ್ಲಿ ಪತ್ರಿಕೆಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಸೂಕ್ಷ್ಮವಿದೆ. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ, ಅದು ಯಾವ ಆಹಾರದಲ್ಲೂ ಇರಕೂಡದು. ಆದರೆ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್‌ಗಳಿಗೆ ಕೆಲವು ಆಹಾರಗಳಲ್ಲಿ ಮಿತಿಯೊಳಗೆ ಅನುಮತಿಯಿದೆ, ಗೋಬಿಯಂಥ ತಿನಿಸಿಗೆ ಇಲ್ಲ. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಟಿಪ್ಪಣಿ ಬರೆದರೆ ಎದುರು ವಕೀಲರು ಮೊದಲ ದಿನವೇ ಅದನ್ನು ಹಿಡಿಯುತ್ತಾರೆ. (ಗಾಡಿಯವರಿಗೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಿರೆಂದು ಎಷ್ಟೋ ಬಾರಿ ಹೇಳಿದ್ದೇನೆ, ಬೆಲೆ ಕೇಳಿ ನಕ್ಕವರೇ ಹೆಚ್ಚು.)

ನನ್ನ ತಪ್ಪೊಂದನ್ನೂ ಹೇಳಬೇಕು. ಸೇವೆಗೆ ಸೇರಿದ ಹೊಸತರಲ್ಲಿ ಬಣ್ಣದ ಸಿಹಿತಿಂಡಿಯ ಮಾದರಿ ತೆಗೆದಾಗ, ಬಾಟಲಿಯ ಚೀಟಿಯ ಮೇಲಿನ ಸಂಖ್ಯೆಗೂ ನಮೂನೆಯಲ್ಲಿ ಬರೆದ ಸಂಖ್ಯೆಗೂ ಒಂದು ಅಂಕಿಯ ವ್ಯತ್ಯಾಸವಾಯಿತು. ವಿಶ್ಲೇಷಣೆ ಸರಿಯಾಗಿತ್ತು, ವಿಷ ಇದ್ದದ್ದೂ ನಿಜ, ಆದರೂ ಪ್ರಕರಣ ಬಿದ್ದುಹೋಯಿತು. ಈಗಿನ ಕಾಯ್ದೆಯಲ್ಲಿ ಮಾದರಿಯನ್ನು ನಾಲ್ಕು ಭಾಗ ಮಾಡಬೇಕು, ಆಹಾರ ವಿಶ್ಲೇಷಕರು 14 ದಿನಗಳೊಳಗೆ ವರದಿ ಕೊಡಬೇಕು, ವ್ಯಾಪಾರಿ ಆ ವರದಿಯ ವಿರುದ್ಧ ಮೇಲ್ಮನವಿ ಸಲ್ಲಿಸಿದರೆ ಮರುಪರೀಕ್ಷೆಗೆಂದು ಗೊತ್ತುಪಡಿಸಿದ, ಮೈಸೂರಿನ ಸಿಎಫ್‌ಟಿಆರ್‌ಐನಂಥ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ರೆಫರಲ್ ಪ್ರಯೋಗಾಲಯದ ಮಾತೇ ಕೊನೆಯದು. ನೀತಿ ಬರೆಯುವವರು ಈ ಸರಪಳಿಯನ್ನು ಕೈಯಾರೆ ಮುಟ್ಟಿರಬೇಕೆಂಬುದು ನನ್ನ ಹಟ.

ಉತ್ತರ: ಸಮಾಜ ಕಾರ್ಯಕರ್ತೆ, ಬೆಳ್ತಂಗಡಿ ತಾಲ್ಲೂಕು

ಮೇಲಿನ ಹಿರಿಯರು ಆಹಾರದ ಮಾತು ಹೇಳಿದ್ದಾರೆ; ನೀವು ಕೇಳಿರುವುದು ಕೀಟನಾಶಕದ ವಿಷಯ, ಅಲ್ಲಿ ರಾಜ್ಯದ ಅಧಿಕಾರ ಇನ್ನೂ ಕಿರಿದು. 1968ರ ಕೀಟನಾಶಕ ಕಾಯ್ದೆಯಲ್ಲಿ ನೋಂದಣಿ ಕೇಂದ್ರದ ಸಮಿತಿಯದು. ರಾಜ್ಯವು 27ನೇ ಕಲಮಿನಡಿ, ತನಿಖೆ ನಡೆಯುತ್ತಿರುವಾಗ, 60 ದಿನಗಳವರೆಗೆ ಮಾರಾಟ ಮತ್ತು ಬಳಕೆಯನ್ನು ತಡೆಯಬಹುದು. ತನಿಖೆ ಮುಗಿಯದಿದ್ದರೆ ಅದರ ಮೇಲೆ ಇನ್ನೂ ಒಟ್ಟು 30 ದಿನಗಳವರೆಗೆ ಮುಂದುವರಿಸಬಹುದು. ಅಷ್ಟರೊಳಗೆ ಕೇಂದ್ರ ಒಪ್ಪದಿದ್ದರೆ ಡಬ್ಬಿ ಮತ್ತೆ ಗೊಬ್ಬರದಂಗಡಿಯ ಕಪಾಟು ಸೇರುತ್ತದೆ. ತಮಿಳುನಾಡು ಮೊನೊಕ್ರೋಟೊಫಾಸ್ ಸೇರಿದಂತೆ ಆರು ಕೀಟನಾಶಕಗಳನ್ನು ತಡೆದಾಗಲೂ ಅದು 60 ದಿನಗಳ ಆದೇಶವೇ ಆಗಿತ್ತು.

ನಮ್ಮ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 1980ರ ದಶಕದಿಂದ 2000ದವರೆಗೆ. ಕರ್ನಾಟಕ ನಿಷೇಧಿಸಿದ್ದು 2011ರ ಫೆಬ್ರುವರಿಯಲ್ಲಿ, ಅದೂ ಅದೇ 60 ದಿನಗಳಿಗೆ. ಏಪ್ರಿಲ್‌ನಲ್ಲಿ, ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಆ ಹೆಸರು ಸೇರಿತು, ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಕೊಟ್ಟಿತು. ರಾಜ್ಯದ ಚಿಕ್ಕ ಆದೇಶ ಆ ಕೆಲವು ವಾರಗಳಿಗೆ ಆಸರೆಯಾಯಿತು. ಅದು ಸಣ್ಣ ಮಾತಲ್ಲ. ಆದರೆ ಮನೆಮನೆ ತಿರುಗಿ ಸಂತ್ರಸ್ತರ ಪಟ್ಟಿ ಮಾಡುವಾಗ ನಮಗೆ ಎದುರಾದ ಕಷ್ಟ ಬೇರೆಯದು. ಯಾವ ದಿನ ಯಾವ ತೋಪಿಗೆ ಸಿಂಪಡಿಸಿದರು, ಆ ತಿಂಗಳು ಯಾವ ಆಸ್ಪತ್ರೆಗೆ ಯಾರು ಹೋದರು ಎಂಬ ದಾಖಲೆ ಕೇಳಿದಲ್ಲೆಲ್ಲ ಇಲ್ಲವೆಂಬ ಉತ್ತರವೇ ಸಿಕ್ಕಿತು. ಮಾಸಾಶನಕ್ಕಾಗಿ ತಾಯಂದಿರು ತಮ್ಮ ಮಕ್ಕಳ ಕಾಯಿಲೆಯನ್ನು ವರ್ಷಗಳ ನಂತರ ಪುರಾವೆಯೊಂದಿಗೆ ವಿವರಿಸಬೇಕಾಯಿತು. ನೀವು ನೀತಿಯ ಕಡೆ ಹೋಗುವುದಾದರೆ ಸಿಂಪಡಣೆಯ ದಾಖಲೆಯನ್ನೂ ವಿಷಬಾಧೆಯ ದಾಖಲೆಯನ್ನೂ ಇಡಿಸುವ ಕೆಲಸವನ್ನು ಕೈಗೆತ್ತಿಕೊಳ್ಳಿ. ಅದಕ್ಕೆ ಕೇಂದ್ರದ ಒಪ್ಪಿಗೆಗಾಗಿ ಕಾಯಬೇಕಾಗಿಲ್ಲ.

ಉತ್ತರ: ಕನ್ನಡಿಗ, ಸೇಂಟ್ ಪಾಲ್, ಮಿನೆಸೋಟ

ಅಮೆರಿಕದಲ್ಲಿ ರಾಜ್ಯಗಳಿಗೆ ಹೆಚ್ಚು ಅವಕಾಶವಿದೆಯಾದರೂ ಪಾಡು ಬಹಳ ಬೇರೆಯೇನಲ್ಲ. ವಿಷಕಾರಿ ರಾಸಾಯನಿಕಗಳ ನಿಯಂತ್ರಣಕ್ಕೆಂದು ಮಾಡಿದ 1976ರ ಒಕ್ಕೂಟ ಕಾಯ್ದೆ ದಶಕಗಳ ಕಾಲ ಹೆಸರಿಗಷ್ಟೇ ಇದ್ದು, 2016ರಲ್ಲಿ ತಿದ್ದುಪಡಿಯಾಯಿತು. ಆ ನಡುವಿನ ಖಾಲಿ ಜಾಗವನ್ನು ಕ್ಯಾಲಿಫೋರ್ನಿಯ, ವಾಷಿಂಗ್ಟನ್, ಮೇನ್, ಮಿನೆಸೋಟಗಳಂಥ ರಾಜ್ಯಗಳು ತುಂಬಿದವು. ನಾನು ಇಲ್ಲಿ ತಯಾರಕರು ಕೊಡುವ ರಾಸಾಯನಿಕ ಮಾಹಿತಿಯನ್ನು ಪರಿಶೀಲಿಸುವ ಕೆಲಸದಲ್ಲಿದ್ದೇನೆ.

ನಮ್ಮ ರಾಜ್ಯ 2023ರಲ್ಲಿ ಮಾಡಿದ ಕಾನೂನಿಗೆ ಅಮಾರಾ ಸ್ಟ್ರಾಂಡಿ ಎಂಬ ತರುಣಿಯ ಹೆಸರಿದೆ. ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳಿಂದ ಅಂತರ್ಜಲ ಕೆಟ್ಟಿದ್ದ ಪ್ರದೇಶದಲ್ಲಿ ಬೆಳೆದ ಆಕೆ ಅಪರೂಪದ ಯಕೃತ್ತಿನ ಕ್ಯಾನ್ಸರಿನೊಂದಿಗೆ ಶಾಸಕರ ಮುಂದೆ ಬಂದು ಮಾತನಾಡಿ, ಮಸೂದೆ ಅಂಗೀಕಾರವಾಗುವ ಮುನ್ನವೇ, 20ನೇ ವಯಸ್ಸಿನಲ್ಲಿ ತೀರಿಕೊಂಡಳು. 2025ರ ಜನವರಿ 1ರಿಂದ ಹನ್ನೊಂದು ಬಗೆಯ ವಸ್ತುಗಳಲ್ಲಿ, ಅಂದರೆ ರತ್ನಗಂಬಳಿ, ಸೌಂದರ್ಯವರ್ಧಕ, ಅಡುಗೆ ಪಾತ್ರೆ, ಹಿಮದ ಮೇಲೆ ಜಾರುವ ಹಲಗೆಗೆ ಹಚ್ಚುವ ಮೇಣ ಇತ್ಯಾದಿಗಳಲ್ಲಿ, ಬೇಕೆಂದು ಸೇರಿಸಿದ ಪಿಎಫ್‌ಎಎಸ್ ಇರುವಂತಿಲ್ಲ. 2032ರಿಂದ, ಅನಿವಾರ್ಯವೆಂದು ರಾಜ್ಯ ಒಪ್ಪಿದ ಬಳಕೆಗಳನ್ನು ಬಿಟ್ಟು, ಬಹುಪಾಲು ಉಳಿದ ವಸ್ತುಗಳಿಗೂ ಅದು ಅನ್ವಯಿಸುತ್ತದೆ.

ಇದರ ಪೂರ್ತಿ ಬಲ ಒಂದು ವ್ಯಾಖ್ಯೆಯಲ್ಲಿದೆ: ಸಂಪೂರ್ಣವಾಗಿ ಫ್ಲೋರಿನ್ ತುಂಬಿದ ಒಂದಾದರೂ ಇಂಗಾಲದ ಪರಮಾಣು ಇದ್ದರೆ ಅದು ಪಿಎಫ್‌ಎಎಸ್. ಸಾವಿರಾರು ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಕುಳಿತರೆ, ಒಂದನ್ನು ನಿಷೇಧಿಸುವಷ್ಟರಲ್ಲಿ ಅದರ ಸೋದರ ಸಂಬಂಧಿ ಮಾರುಕಟ್ಟೆಗೆ ಬಂದಿರುತ್ತದೆ; ಅದಕ್ಕಾಗಿ ಇಡೀ ಕುಲವನ್ನೇ ಹಿಡಿದರು. ಅಂಟದ ಪಾತ್ರೆಯ ಲೇಪವೂ ಅದರೊಳಗೆ ಬಂತು, ಪಾತ್ರೆ ತಯಾರಕರು ಆ ಲೇಪವನ್ನು ಹೊರಗಿಡಬೇಕೆಂದು ವಾದಿಸಿದರು. ನಮ್ಮ ಮನೆಯಲ್ಲಿ ತಿಪಟೂರಿನಿಂದ ಅಮ್ಮ ಸೂಟ್‌ಕೇಸಿನಲ್ಲಿ ಹೊತ್ತು ತಂದ ಕಬ್ಬಿಣದ ಕಾವಲಿಯಿರುವುದರಿಂದ ದೋಸೆಗೆ ತೊಂದರೆಯಾಗಲಿಲ್ಲ. ಕಾನೂನು ಪದವಿಗಿಂತ ರಸಾಯನಶಾಸ್ತ್ರವನ್ನು ಒಂದೇ ಸಾಲಿನ ವ್ಯಾಖ್ಯೆಯಾಗಿ ಬರೆಯಬಲ್ಲ ಕೈಗೆ ಇಲ್ಲಿ ಬೆಲೆ ಹೆಚ್ಚು.

ಉತ್ತರ: ಸಚಿವಾಲಯದ ನಿವೃತ್ತ ಶಾಖಾಧಿಕಾರಿ, ಬೆಂಗಳೂರು

ಕಾನೂನು ಪದವಿಯ ವಿಷಯದಲ್ಲಿ ಸೇಂಟ್ ಪಾಲ್‌ನವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಪದವಿ ಬೇಡ, ನಿಜ. ಆದರೆ ರಾಜ್ಯಪತ್ರದಲ್ಲಿ ಬಂದ ಅಧಿಸೂಚನೆಯ ಪೀಠಿಕೆಯನ್ನು ಓದಿ, ಯಾವ ಕಾಯ್ದೆಯ ಯಾವ ಕಲಮಿನ ಯಾವ ಉಪಕಲಮಿನಿಂದ ಅಧಿಕಾರ ಬಂದಿದೆ ಎಂದು ಹೇಳಲಾಗದವರು ಬರೆದ ಟಿಪ್ಪಣಿ ಕಾನೂನು ಇಲಾಖೆಯಿಂದ ಮೂರು ಬಾರಿ ಹಿಂದಿರುಗಿ ಬರುವುದನ್ನು ನಾನು ಕಂಡಿದ್ದೇನೆ. ಇನ್ನೊಂದು ವ್ಯಾವಹಾರಿಕ ಎಚ್ಚರಿಕೆ: ಆಹಾರ ಸುರಕ್ಷತಾಧಿಕಾರಿ ಹುದ್ದೆಗೆ ಕೇಂದ್ರದ 2011ರ ನಿಯಮಗಳಲ್ಲಿ ಹೆಸರಿಸಿದ ವಿದ್ಯಾರ್ಹತೆಗಳಲ್ಲಿ ಆಹಾರ ತಂತ್ರಜ್ಞಾನ, ಸೂಕ್ಷ್ಮಜೀವಶಾಸ್ತ್ರ, ಕೃಷಿ, ರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿ ಮುಂತಾದವಿವೆ, ಪರಿಸರ ವಿಜ್ಞಾನವಿಲ್ಲ. ಅರ್ಜಿ ಶುಲ್ಕ ಕಟ್ಟುವ ಮುನ್ನ ನಿಮ್ಮ ಬಿ.ಎಸ್ಸಿ. ವಿಷಯಗಳನ್ನು ನೋಡಿಕೊಳ್ಳಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಹುದ್ದೆಗಳು ನಿಮ್ಮ ಓದಿಗೆ ಹತ್ತಿರ.

ಪ್ರಶ್ನೆ ಕೇಳಿದವಳ ಮಾತು

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಹಾಸನದ ಹಿರಿಯರ ಮಾತು ಓದಿದ ಮೇಲೆ ನಾನೇ ಸಹಿ ಮಾಡಿದ ಹಳೆಯ ವರದಿಗಳನ್ನು ತೆಗೆದು ನೋಡಿದೆ. ಬದನೆಕಾಯಿಯ ಮಾದರಿಯೊಂದರಲ್ಲಿ ಮಿತಿ ಮೀರಿದ ಉಳಿಕೆ ಸಿಕ್ಕಿತ್ತು. ಅಂಕಿಅಂಶಗಳು ದಶಮಾಂಶದವರೆಗೆ ಸರಿಯಾಗಿವೆ. ಮಾದರಿಯನ್ನು ಯಾವ ಹೊಲದಿಂದ, ಯಾವ ದಿನ, ಯಾರು ತೆಗೆದರು ಎಂಬ ಮೂರು ಅಂಕಣಗಳೂ ಖಾಲಿಯಿವೆ.